ಮ್ಯಾಗ್ನಂ ಆಮೇಲೆ ಮಗಾ, ಮೊದಲು ಕೈ ಪಳಗಲಿ

ಈ ಸಲ ಬೆಳೆ, ಗೊಬ್ಬರ, ರೇಟು ಯಾವ್ದೂ ಅಲ್ಲ. ಕೋವಿ ವಿಚಾರ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಹೋದ ಭಾನುವಾರ ನನ್ನ ತಮ್ಮನ ಮಗ ಮೈಸೂರಿನ ನಮ್ಮನೆಗೆ ಬಂದಿದ್ದ. ಹೆಬ್ಬಾಳದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ, ರಜೆ ಸಿಕ್ಕಿದ್ರೆ ಎಚ್.ಡಿ. ಕೋಟೆ ಕಡೆ ಇರೋ ನಮ್ಮ ಹೊಲಕ್ಕೆ ಬರ್ತಾನೆ. ಒಳ್ಳೇ ಹುಡುಗ. ಊಟ ಆದ್ಮೇಲೆ ಮೆಲ್ಲಗೆ ಮಾತು ತೆಗೆದ. "ದೊಡ್ಡಪ್ಪ, ಒಂದು ರಿವಾಲ್ವರ್‌ಗೆ ಅರ್ಜಿ ಹಾಕೋಣ ಅಂತಿದೀನಿ. .357 ಮ್ಯಾಗ್ನಂ. ಗುರಿ ಹೊಡೆಯೋದು ಕಲೀಬೇಕು. ಗುಂಡಿಗೆ ದುಡ್ಡು ಜಾಸ್ತಿ ಅಂತೀರಲ್ಲ, ಖಾಲಿ ತೋಟಾ ಇಟ್ಕೊಂಡು ಮನೇಲೇ ಮತ್ತೆ ತುಂಬಿದ್ರೆ ಕಾಲು ಭಾಗದ ಖರ್ಚು ಕೂಡ ಬರಲ್ಲ." ಅಂತ ಹೇಳಿ ಅಮೆರಿಕಾದವನೊಬ್ಬನ ವಿಡಿಯೋ ತೋರಿಸ್ದ.

ವಿಡಿಯೋದಲ್ಲಿ ಹೇಳಿದ್ದು ಸುಳ್ಳಲ್ಲ, ಅದನ್ನ ಮೊದಲೇ ಒಪ್ಕೊಂಡುಬಿಡ್ತೀನಿ. .357 ಮ್ಯಾಗ್ನಂ 1935ರಲ್ಲಿ ಬಂದಿದ್ದು, ಸ್ಮಿತ್ ಅಂಡ್ ವೆಸನ್ ಕಂಪನಿಯದು. ಅದಕ್ಕೂ ಮುಂಚೆ ಇದ್ದ .38 ಸ್ಪೆಷಲ್ ತೋಟಾನೇ ಸುಮಾರು ಎಂಟನೇ ಒಂದು ಇಂಚು ಉದ್ದ ಮಾಡಿ, ಹೆಚ್ಚು ಒತ್ತಡಕ್ಕೆ ಸಿದ್ಧ ಮಾಡಿದ್ರು. ಅದಕ್ಕೇ ಮ್ಯಾಗ್ನಂ ರಿವಾಲ್ವರಿನಲ್ಲಿ .38 ಕೂಡ ಹಾರಿಸಬಹುದು, .38 ರಿವಾಲ್ವರಿನಲ್ಲಿ ಮ್ಯಾಗ್ನಂ ಹಾರಿಸೋ ಹಾಗಿಲ್ಲ. 1955ರಲ್ಲಿ ಬಂದ .44 ಮ್ಯಾಗ್ನಂದೂ ಇದೇ ಕಥೆ, ಅದರೊಳಗೆ .44 ಸ್ಪೆಷಲ್ ನಡೆಯುತ್ತೆ. ಹೆಸರು ಮ್ಯಾಗ್ನಂ ಆದ್ರೂ ಅಲ್ಲಿಯವರು ದಿನಾ ಅಭ್ಯಾಸ ಮಾಡೋದು ಹೆಚ್ಚಾಗಿ ಮೆತ್ತಗಿನ, ಅಗ್ಗದ ತೋಟಾದಲ್ಲೇ. ತೋಟಾದಲ್ಲಿ ದುಬಾರಿ ಭಾಗ ಹಿತ್ತಾಳೆ ಕೊಳವೆ. ಅದು ಮತ್ತೆ ಮತ್ತೆ ಬಳಕೆಗೆ ಬರುತ್ತೆ. ಕೇಪು, ಮದ್ದು, ಸೀಸ ಮಾತ್ರ ಹೊಸದು. ಅಲ್ಲಿಗೆ ಅದು ಸರಿಯಾದ ಲೆಕ್ಕ.

ಆದ್ರೆ ನಾವಿರೋದು ಅಲ್ಲಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದ್ರೆ ಬರೀ ತುಂಬಿದ ತೋಟಾ ಅಲ್ಲ. ಅದರ ಬಿಡಿಭಾಗ, ಅದನ್ನ ತಯಾರಿಸೋ ಯಂತ್ರ ಕೂಡ ಮದ್ದುಗುಂಡು ಅನ್ನೋದರ ಒಳಗೇ ಸೇರಿದೆ. ಅಂದ್ರೆ ವಿಡಿಯೋದಲ್ಲಿ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ್ದ ಆ ಪ್ರೆಸ್ ಇದೆಯಲ್ಲ, ಅದನ್ನ ತಂದಿಟ್ಕೊಂಡ್ರೆ ಅದೂ ಲೆಕ್ಕಕ್ಕೆ ಬರುತ್ತೆ. ತಯಾರಿಕೆಗೆ ಬೇರೆ ಲೈಸೆನ್ಸ್ ಬೇಕು, ರಿವಾಲ್ವರ್ ಲೈಸೆನ್ಸ್ ಅದಕ್ಕೆ ಆಗಲ್ಲ. 2019ರ ತಿದ್ದುಪಡಿ ಆದ್ಮೇಲೆ ಲೈಸೆನ್ಸ್ ಇಲ್ಲದ ತಯಾರಿಕೆಗೆ ಕನಿಷ್ಠ ಶಿಕ್ಷೆ 7 ವರ್ಷ, ಜೀವಾವಧಿ ತನಕ ಹೋಗಬಹುದು. ತೋಟಾಗೆ ಒಂದಷ್ಟು ರೂಪಾಯಿ ಉಳಿಸೋಕೆ ಹೋಗಿ ಏಳು ವರ್ಷ ಕಳ್ಕೊಳ್ಳೋದು ಯಾವ ಉಳಿತಾಯ ಹೇಳಿ?

ಕಾನೂನು ಪಕ್ಕಕ್ಕಿಡಿ, ನನಗೆ ಬೇರೆ ಭಯ ಇದೆ. ನಮ್ಮಪ್ಪನ ಹತ್ರ ಬೆಳೆ ಕಾಯೋ ಕೇಪಿನ ಕೋವಿ ಇತ್ತು. ಯೋಚನೆ ಮಾಡಿದ್ರೆ ನಮ್ಮ ಹಿರಿಯರೆಲ್ಲ ಕೈಯಲ್ಲೇ ತುಂಬೋರು. ಮೂತಿಯಿಂದ ಮದ್ದು, ಮೇಲೆ ನಾರು, ಚರೆ, ಮತ್ತೆ ನಾರು, ಗಜದಿಂದ ಗಿಡಿಯೋದು, ಕೊನೆಗೆ ಕೇಪು. ಒಂದು ರಾತ್ರಿ ಜೋಳದ ಹೊಲದ ಅಟ್ಟಣೆಯಲ್ಲಿ ಅಪ್ಪ ಕೋವಿ ತುಂಬಿಟ್ಟು, ಯಾರೋ ಕೂಗಿದ್ರು ಅಂತ ಕೆಳಗಿಳಿದು ಹೋದ್ರು. ವಾಪಸ್ ಬಂದ್ಮೇಲೆ ತುಂಬಿದ್ನೋ ಇಲ್ವೋ ಅಂತ ಮರೆತುಹೋಯ್ತು. ತುಂಬಿದ್ದರ ಮೇಲೇ ಇನ್ನೊಂದು ಸಲ ತುಂಬಿದ್ರು. ಹಂದಿ ಬಂದಾಗ ಈಡು ಹೊಡೆದ್ರೆ ನಳಿಗೆ ಸೀಳಿಹೋಯ್ತು. ಎಡಗೈಯ ಎರಡು ಬೆರಳು ಹೋದವು. ಆಮೇಲೆ ಅವರು ಬದುಕಿರೋ ತನಕ ಹಸುವಿನ ಕೆಚ್ಚಲಿಗೆ ಬಲಗೈ ಒಂದನ್ನೇ ಹಾಕ್ತಿದ್ರು.

ರಿವಾಲ್ವರ್ ತೋಟಾ ತುಂಬೋದ್ರಲ್ಲೂ ದೊಡ್ಡ ಅಪಾಯ ಇದೇನೇ. ಮ್ಯಾಗ್ನಂ ಕೊಳವೆ ದೊಡ್ಡದು. ಗುರಿ ಅಭ್ಯಾಸಕ್ಕೆ ಅಂತ ಬೇಗ ಉರಿಯೋ ಮದ್ದು ಕಮ್ಮಿ ಹಾಕಿದ್ರೆ ಒಳಗೆ ಜಾಗ ಉಳಿಯುತ್ತೆ. ಫೋನ್ ಬಂತು, ಮಗು ಕರೀತು, ಗಮನ ತಪ್ಪಿ ಎರಡು ಸಲ ಸುರಿದ್ರೂ ಅದು ಹಿಡಿಯುತ್ತೆ, ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಹುಡುಗನಿಗೆ ಅಪ್ಪನ ಕೈ ನೆನಪು ಮಾಡಿದೆ. ಸುಮ್ಮನಾದ.

ಹಾಗಾದ್ರೆ ಯಾವುದನ್ನ ತಗೋಬೇಕು? ಮೊದಲು ಏನಕ್ಕೆ ಅಂತ ಕೇಳ್ಕೊಳ್ಳಿ.

ಬೆಳೆ ಕಾಯೋಕೆ ಅಂದ್ರೆ ಕಾಯ್ದೆಯೇ ದಾರಿ ಹೇಳಿದೆ. ಅದರ 13ನೇ ಸೆಕ್ಷನ್ನಿನಲ್ಲಿ ಬೆಳೆ ರಕ್ಷಣೆಗೆ ಮೂತಿಯಿಂದ ತುಂಬೋ ಕೋವಿ, ಅದು ಸಾಲದು ಅಂತ ಅಧಿಕಾರಿಗೆ ಕಂಡ್ರೆ ಬೇರೆ ನಯನಳಿಗೆ ಕೋವಿ, ಅಂದ್ರೆ ನಮ್ಮ 12 ಬೋರ್ ತರದ್ದು. ರಿವಾಲ್ವರ್ ಆ ಪಟ್ಟಿಯಲ್ಲೇ ಇಲ್ಲ, ಅದಕ್ಕೆ ಬೇರೆ ತಕ್ಕ ಕಾರಣ ತೋರಿಸಬೇಕು. ಕತ್ತಲಲ್ಲಿ ಓಡೋ ಹಂದಿಗೆ ರಿವಾಲ್ವರ್ ಹಿಡಿಯೋದು ಸಿನಿಮಾದಲ್ಲಿ ಮಾತ್ರ. ಇನ್ನೊಂದು ಮಾತು. ಲೈಸೆನ್ಸ್ ಇದೆ ಅಂದ್ರೆ ಹಂದಿ ಹೊಡೀಬಹುದು ಅಂತ ಅಲ್ಲ. ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇರೆ ಬೇಕು. ನಮ್ಮ ಕೋವಿ ಮಾಡೋ ಮುಕ್ಕಾಲು ಕೆಲಸ ಸದ್ದು.

ಗುರಿ ಕಲಿಯೋಕೆ ಅಂದ್ರೆ ಅಗ್ಗದಿಂದ ಶುರು ಮಾಡಿ. 4.5 ಮಿ.ಮೀ. ಏರ್ ರೈಫಲ್, ಶಕ್ತಿ 20 ಜೌಲ್ ಮೀರದೆ ಇದ್ರೆ ಅದಕ್ಕೆ ಲೈಸೆನ್ಸ್ ಬೇಡ. 10 ಮೀಟರ್ ಜಾಗ, ಹಿಂದೆ ಒಂದು ಗಟ್ಟಿ ಮಣ್ಣಿನ ದಿಬ್ಬ, ಅಷ್ಟು ಸಾಕು. ಒಂದು 12 ಬೋರ್ ತೋಟಾದ ದುಡ್ಡಲ್ಲಿ ಎಷ್ಟು ಚಿಕ್ಕ ಗುಂಡು ಬರುತ್ತೆ ಅಂತ ಅಂಗಡಿಯಲ್ಲಿ ನೀವೇ ಕೇಳಿ ನೋಡಿ. ಆದ್ರೆ ಅದನ್ನ ನವಿಲಿಗೋ ಕೋತಿಗೋ ತಿರುಗಿಸಬೇಡಿ. ಪ್ರಾಣಿ ಸಾಯಲ್ಲ, ಗಾಯ ಆಗಿ ನರಳುತ್ತೆ, ಕೇಸೂ ಆಗುತ್ತೆ.

ಅದಾದ್ಮೇಲೆ .22. ಅದರ ತೋಟಾ ಮತ್ತೆ ತುಂಬೋಕೆ ಬರೋದೇ ಇಲ್ಲ, ಆದ್ರೂ ಮದ್ದಿನ ತೋಟಾಗಳಲ್ಲಿ ಅಗ್ಗದ್ದು ಅದೇ. ರೈಫಲ್ ಕ್ಲಬ್ ಸದಸ್ಯರಿಗೆ ಗುರಿ ಅಭ್ಯಾಸಕ್ಕೆ .22 ರೈಫಲ್ ಅಂತ ಅದೇ 13ನೇ ಸೆಕ್ಷನ್ನಿನಲ್ಲಿ ಬರೆದಿದೆ. ರಿವಾಲ್ವರೇ ಬೇಕು ಅಂದ್ರೆ .32. ರಿವಾಲ್ವರನ್ನ ಕಾನ್ಪುರದಲ್ಲಿ, ತೋಟಾನ ಪುಣೆ ಹತ್ರದ ಖಡ್ಕಿಯಲ್ಲಿ ನಮ್ಮ ಸರ್ಕಾರಿ ಕಾರ್ಖಾನೆಗಳೇ ಮಾಡ್ತವೆ. ಜಗತ್ತಿನ 25 ಮೀಟರ್ ಸೆಂಟರ್ ಫೈರ್ ಪಂದ್ಯದಲ್ಲೂ .32 ನಡೆಯುತ್ತೆ. ಅದೇ ಪಂದ್ಯದಲ್ಲಿ ಮ್ಯಾಗ್ನಂಗೆ ಪ್ರವೇಶವೇ ಇಲ್ಲ.

ನಮ್ಮ ದೇಶಕ್ಕೆ ಶೂಟಿಂಗ್‌ನಲ್ಲಿ ಒಲಿಂಪಿಕ್ ಪದಕ ತಂದವರನ್ನ ನೆನಪು ಮಾಡ್ಕೊಳ್ಳಿ. 2004ರಲ್ಲಿ ರಾಥೋಡ್ 12 ಬೋರ್, 2008ರಲ್ಲಿ ಬಿಂದ್ರಾ ಏರ್ ರೈಫಲ್, 2012ರಲ್ಲಿ ವಿಜಯ್ ಕುಮಾರ್ .22, 2024ರಲ್ಲಿ ಮನು ಭಾಕರ್ ಏರ್ ಪಿಸ್ತೂಲ್. ಪಕ್ಕದ ಕೊಡಗಲ್ಲಿ ಕೈಲ್‌ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನೋಡಿದೀರಲ್ಲ, ಅಲ್ಲೂ .22, 12 ಬೋರ್, ಏರ್ ಗನ್ನೇ. ಕಾಯಿ ಒಡೆಯೋದು ಕೈ ಪಳಗಿದವನಿಂದ, ಬೋರ್ ದೊಡ್ಡದಿದ್ದವನಿಂದಲ್ಲ.

ಇನ್ನೊಂದು ಲೆಕ್ಕ ಮರೀಬೇಡಿ. 2019ರಿಂದ ಒಬ್ಬರಿಗೆ ಎರಡೇ ಶಸ್ತ್ರ, ಮೊದಲು ಮೂರಿತ್ತು. ನಾಳೆ ನನ್ನ 12 ಬೋರ್ ಆ ಹುಡುಗನಿಗೇ ಹೋಗಬೇಕು. ಶೋಕಿಗೆ ಮ್ಯಾಗ್ನಂ ತಗೊಂಡು ಒಂದು ಜಾಗ ತುಂಬಿಬಿಟ್ರೆ ಉಳಿಯೋದು ಒಂದೇ.

"ಹಾಗಾದ್ರೆ ತೋಟಾ ಬೆಲೆ ಹೀಗೇ ಇರಲಿ ಅಂತೀರಾ?" ಅಂತ ಹುಡುಗ ಕೇಳಿದ. ಇಲ್ಲ. ಅಲ್ಲಿ ಅವನ ಸಿಟ್ಟು ಸರಿ. ನಮ್ಮಲ್ಲಿ ಎಷ್ಟೋ ಜನ ಲೈಸೆನ್ಸ್ ಇರೋ ರೈತರು ವರ್ಷಕ್ಕೆ ನಾಲ್ಕು ತೋಟಾ ಕೂಡ ಹಾರಿಸಲ್ಲ. ದುಡ್ಡಿಲ್ಲ, ಹಾರಿಸೋಕೆ ಜಾಗ ಇಲ್ಲ. ಅಭ್ಯಾಸ ಇಲ್ಲದ ಕೈಯಲ್ಲಿ ತುಂಬಿದ ಕೋವಿ ಕೊಟ್ಟು ರಾತ್ರಿ ಹೊಲಕ್ಕೆ ಕಳಿಸ್ತೀವಿ. ಅವಘಡ ಆಗದೆ ಇನ್ನೇನಾಗುತ್ತೆ? ನಾವು ಕೇಳಬೇಕಾದ್ದು ಮನೇಲಿ ತುಂಬೋ ಹಕ್ಕನ್ನಲ್ಲ. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಇದೆಯಲ್ಲ, ಅದನ್ನ ಬೇಸಿಗೆಯಲ್ಲಿ, ಹೊಲದ ಕೆಲಸ ಕಮ್ಮಿ ಇರೋ ಹೊತ್ತಲ್ಲಿ, ಬೆಳೆ ರಕ್ಷಣೆ ಲೈಸೆನ್ಸ್ ಇರೋರಿಗೇ ಅಂತ ತಾಲೂಕು ಮಟ್ಟದಲ್ಲಿ ಮಾಡಲಿ. ಅಲ್ಲಿ ಹಾರಿಸೋ ತೋಟಾನ ರಿಯಾಯಿತಿಯಲ್ಲಿ ಕೊಡಲಿ. ಎಲೆಕ್ಷನ್ ಬಂದಾಗ ಕೋವಿ ಠಾಣೆಗೆ ಇಡಿಸ್ಕೊಳ್ಳೋದಾದ್ರೆ ಬೆಳೆ ನಿಂತಿರೋ ಕಾಡಂಚಿನ ಹೊಲ ಯಾರು ಕಾಯ್ಬೇಕು ಅಂತಾನೂ ಹೇಳಲಿ. ಇದನ್ನ ನಾಲ್ಕು ಊರಿನವರು ಸೇರಿ ಬರೆದುಕೊಟ್ರೆ ಯಾರೂ ತಪ್ಪು ಅನ್ನಲ್ಲ.

ಹುಡುಗ ಸಂಜೆ ಹೊರಡೋವಾಗ ಏರ್ ರೈಫಲ್ ಬಗ್ಗೆ ವಿಚಾರಿಸ್ತೀನಿ ಅಂದ. ನಾನೂ ಅವನ ಜೊತೆ ಹೊಡೀತೀನಿ ಅಂದೆ. ನಿಜ ಹೇಳ್ಬೇಕು ಅಂದ್ರೆ ಲೈಸೆನ್ಸ್ ಇಟ್ಕೊಂಡು ಇಷ್ಟು ವರ್ಷ ಆಯ್ತು, ನನ್ನ ಗುರಿನೂ ಅಷ್ಟಕ್ಕಷ್ಟೇ.

ನಿಮ್ಮಲ್ಲಿ ಲೈಸೆನ್ಸ್ ಇರೋರು ಕೊನೇ ಸಲ ಅಭ್ಯಾಸಕ್ಕೆ ಅಂತ ಗುಂಡು ಹಾರಿಸಿದ್ದು ಯಾವಾಗ? ನಾಚಿಕೆ ಬೇಡ, ಕೆಳಗೆ ಬರೀರಿ. ಅರ್ಜಿಗೆ ಸಹಿ ಹಾಕೋರು ಇದ್ರೂ ತಿಳಿಸಿ.