ಐದು ಚುಕ್ಕೆ, ಹತ್ತು ಗೆರೆ

ಮಕ್ಕಳೇ, ಒಂದು ಹಾಳೆ ತೆಗೆದುಕೊಳ್ಳಿ. ಅಜ್ಜ-ಅಜ್ಜಿಯರೇ, ನೀವೂ ಪಕ್ಕದಲ್ಲಿ ಕೂತುಕೊಳ್ಳಿ. ಐದು ಚುಕ್ಕೆ ಇಡಿ. ಒಂದು ನಡುವೆ ಇರಲಿ. ಉಳಿದ ನಾಲ್ಕನ್ನೂ ಅದಕ್ಕೆ ಮಾತ್ರ ಜೋಡಿಸಿ. ನಾಲ್ಕು ಗೆರೆ ಆದವು. ಈಗ ನಡುವಿನ ಚುಕ್ಕೆ ಅಳಿಸಿ. ಒಂದು ಗೆರೆಯೂ ಉಳಿಯಲಿಲ್ಲ, ಅಲ್ಲವೇ?

ಮತ್ತೆ ಐದು ಚುಕ್ಕೆ ಇಟ್ಟು, ಪ್ರತಿಯೊಂದನ್ನೂ ಉಳಿದೆಲ್ಲಕ್ಕೂ ಜೋಡಿಸಿ. ಹತ್ತು ಗೆರೆ. ಯಾವ ಚುಕ್ಕೆ ಅಳಿಸಿದರೂ ಆರು ಗೆರೆ ಉಳಿಯುತ್ತವೆ.

ಈ ಲೆಕ್ಕವನ್ನು ನನಗೆ ಬಿ.ಕಾಂ. ಕಲಿಸಲಿಲ್ಲ, ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಕಲಿಸಿದರು.

1992ರಲ್ಲಿ ನಬಾರ್ಡ್, ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಅದೇ ದಶಕದಲ್ಲಿ ಬೀದರ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಹಳ್ಳಿಗಳ ಸಹಕಾರ ಸಂಘಗಳ ಮೂಲಕ ಈ ಕೆಲಸಕ್ಕೆ ಕೈಹಾಕಿ ಹೆಸರು ಪಡೆಯಿತು. ಗುಂಪಿನಲ್ಲಿ ಹತ್ತರಿಂದ ಇಪ್ಪತ್ತು ಮಂದಿ. ಹೊಲ-ಮನೆ ಒತ್ತೆ ಇಲ್ಲ. ಒಬ್ಬರಿಗೊಬ್ಬರು ಗೊತ್ತಿರುವುದೇ ಒತ್ತೆ.

ನಾನಿದ್ದದ್ದು ಬೇರೊಂದು ಬ್ಯಾಂಕಿನಲ್ಲಿ. ಅಲ್ಲಿಗೂ ಇಂಥ ಗುಂಪುಗಳು ಬರುತ್ತಿದ್ದವು. ಭಾಲ್ಕಿ ಕಡೆಯ ಒಂದು ಗುಂಪಿನಲ್ಲಿ ಒಬ್ಬಾಕೆಯ ಎಮ್ಮೆ ಸತ್ತಿತು. ಕಂತಿನ ದಿನ ಉಳಿದವರು ಬಂದು, "ಈ ತಿಂಗಳು ಆಕಿದು ನಾವು ತುಂಬ್ತೀವ್ರಿ ಸಾಹೇಬ್ರ. ನಮಗ ಕಷ್ಟ ಬಂದ್ರ ಆಕಿ ತುಂಬ್ತಾಳ" ಅಂದರು. ವಾರವಾರ ಕೂಡಿ ಕೂತು ಲೆಕ್ಕ ಕೇಳುವವರು ಅವರು.

ಔರಾದ ಕಡೆಯ ಇನ್ನೊಂದು ಗುಂಪಿನಲ್ಲಿ ಪುಸ್ತಕ, ಹಣ, ಮಾತು ಎಲ್ಲವೂ ಓದು ಬಲ್ಲ ಒಬ್ಬಳ ಕೈಯಲ್ಲಿ. ನನಗೂ ಅದೇ ಅನುಕೂಲ. ಒಬ್ಬಳ ಹತ್ತಿರ ಮಾತಾಡಿದರೆ ಕೆಲಸ ಮುಗಿಯುತ್ತಿತ್ತು. ಸಭೆ ನಡೆಯುತ್ತದೆಯೇ ಎಂದು ನಾನು ಕೇಳಲೇ ಇಲ್ಲ. ಆಕೆಯ ಮನೆಯವರು ದುಡಿಯಲು ಹೈದರಾಬಾದಿಗೆ ಹೋದರು. ಆಕೆ ಕಳ್ಳಿಯಲ್ಲ. ಆದರೆ ಯಾರು ಎಷ್ಟು ಕಟ್ಟಿದ್ದಾರೆಂದು ಉಳಿದವರಿಗೆ ಗೊತ್ತಿರಲಿಲ್ಲ. ಒಬ್ಬರ ಮೇಲೊಬ್ಬರಿಗೆ ಅನುಮಾನ ಬಂತು, ಗುಂಪು ಒಡೆಯಿತು. ಒಬ್ಬ ಮುದುಕಿ ನನ್ನ ಕೌಂಟರಿಗೆ ಬಂದು, "ನನ್ನ ರೊಕ್ಕ ಎಲ್ಲೈತಿ ತಮ್ಮಾ?" ಎಂದು ಕೇಳಿದಳು. ನನ್ನ ಲೆಡ್ಜರಿನಲ್ಲಿ ಇದ್ದದ್ದು ಗುಂಪಿನ ಹೆಸರು ಮಾತ್ರ. ಉತ್ತರ ಕೊಡಲಾಗಲಿಲ್ಲ. ಆ ಮುಖ ಇನ್ನೂ ಮರೆತಿಲ್ಲ.

ಅದೇ 1992ರಲ್ಲಿ ಮಾರ್ಟಿನ್ ನೊವಾಕ್, ರಾಬರ್ಟ್ ಮೇ ಎಂಬ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಚದುರಂಗದ ಹಾಸಿನಂಥ ಮನೆಗಳನ್ನು ಮಾಡಿ, ಪ್ರತಿ ಮನೆಯಲ್ಲೂ ಒಬ್ಬ ಆಟಗಾರನನ್ನಿಟ್ಟರು. ಎಲ್ಲರೂ ನೆರೆಮನೆಯವರೊಂದಿಗೆ ಮಾತ್ರ ಆಡಬೇಕು. ಸ್ವಾರ್ಥಿಗಳ ನಡುವೆ ಒಂಟಿಯಾಗಿದ್ದ ಸಹಕಾರಿ ಸೋತ. ಒತ್ತೊತ್ತಾಗಿ ಗುಂಪುಗೂಡಿದವರು ಉಳಿದುಕೊಂಡರು. ಜನರ ಗುಣವಷ್ಟೇ ಅಲ್ಲ, ಯಾರು ಯಾರಿಗೆ ಜೋಡಿಸಿದ್ದಾರೆ ಎಂಬುದೂ ಮುಖ್ಯ.

ಹಾಗಾದರೆ ಗುಂಪು ಎಷ್ಟು ದೊಡ್ಡದಾದರೂ ಆದೀತೇ? ಇಪ್ಪತ್ತು ಮಂದಿಗೆ 190 ಗೆರೆ. ನೂರು ಮಂದಿಗೆ 4,950! ಅಷ್ಟು ಪರಿಚಯ ಯಾರು ಕಾಪಾಡಿಯಾರು? ಅದಕ್ಕೇ ಚಿಕ್ಕ ಗುಂಪು.

ಮಕ್ಕಳೇ, ಈಗ ನಿಮ್ಮ ಮನೆಯವರನ್ನು ಚುಕ್ಕೆಗಳಾಗಿ ಬರೆಯಿರಿ. ಎಲ್ಲ ಗೆರೆಗಳೂ ಅಮ್ಮನ ಮೂಲಕವೇ ಹೋಗುತ್ತಿವೆಯೇ? ಹಾಗಿದ್ದರೆ ಇವತ್ತೇ ಅಜ್ಜಿಯ ಹತ್ತಿರ ಹೋಗಿ ಕೂತು, ಊಟ ಆಯ್ತೇ ಎಂದು ನೀವೇ ಕೇಳಿ. ಒಂದು ಗೆರೆ ಹೆಚ್ಚಾಯಿತು.