ಕೂಸಿನ ಮೈಗುಳ್ಳೆ ಶಾಪವಲ್ಲ

ತೆಂಗಿನ ನಾರಿನ ಒಂದೊಂದು ಎಳೆ ಸುಲಭವಾಗಿ ಹರಿಯುತ್ತದೆ. ಹೊಸೆದು ಹುರಿಗೊಳಿಸಿದರೆ ಎತ್ತನ್ನು ಕಟ್ಟುವ ಹಗ್ಗವಾಗುತ್ತದೆ. ಚನ್ನರಾಯಪಟ್ಟಣ ಸೀಮೆಯ ಭಕ್ತರಿಗೆ ಇದನ್ನು ಹೇಳಬೇಕಾಗಿಲ್ಲ. ನಮ್ಮ ಜೀವಕೋಶಗಳೊಳಗೂ ಇಂತಹ ಹುರಿಗಳಿವೆ. ಪ್ರೋಟೀನಿನ ಎಳೆಗಳು ಎರಡೆರಡಾಗಿ ಸುತ್ತಿಕೊಂಡು, ಮತ್ತೆ ಜೊತೆಗೂಡಿ, ಸುಮಾರು 10 ನ್ಯಾನೊಮೀಟರ್ ದಪ್ಪದ ತಂತುಗಳಾಗುತ್ತವೆ. ಕೋಶದಲ್ಲಿರುವ ಇವಕ್ಕಿಂತ ತೆಳುವಾದ ಮತ್ತು ದಪ್ಪನಾದ ತಂತುಗಳ ನಡುವಣ ಅಳತೆಯ ಇವನ್ನು ಮಧ್ಯಮ ತಂತುಗಳೆನ್ನುವರು.

ಚರ್ಮ, ಕೂದಲು, ಉಗುರುಗಳಲ್ಲಿ ಕೆರಾಟಿನ್, ಸ್ನಾಯುಗಳಲ್ಲಿ ಡೆಸ್ಮಿನ್, ನರಗಳಲ್ಲಿ ನ್ಯೂರೋಫಿಲಮೆಂಟ್, ಕೋಶಕೇಂದ್ರದ ಒಳಗೋಡೆಯಲ್ಲಿ ಲ್ಯಾಮಿನ್. ಎಳೆತ, ಒತ್ತಡಗಳನ್ನು ತಾಳಿಕೊಳ್ಳುವುದು ಇವುಗಳ ಮುಖ್ಯ ಕಾರ್ಯ. ಹಾಸನದ ಆಲೂಗಡ್ಡೆ ಹೊಲದಲ್ಲಿ, ಅರಕಲಗೂಡಿನ ಹೊಗೆಸೊಪ್ಪಿನ ತಾಕಿನಲ್ಲಿ ದುಡಿಯುವ ಕೈಗಳ ಚರ್ಮ ಹರಿಯದೆ ಉಳಿದಿರುವುದರಲ್ಲಿ ಕೆರಾಟಿನ್ನಿನ ಪಾಲು ದೊಡ್ಡದು.

ಕೆರಾಟಿನ್ 5 ಅಥವಾ 14ರ ವಂಶವಾಹಿಯಲ್ಲಿ ದೋಷವಿದ್ದರೆ ಚರ್ಮದ ಮೇಲ್ಪದರದ ತಳದ ಕೋಶಗಳು ಅಲ್ಪ ತಿಕ್ಕಾಟಕ್ಕೂ ಒಡೆದು ನೀರುಗುಳ್ಳೆಗಳೇಳುತ್ತವೆ. ಎಪಿಡರ್ಮೊಲೈಸಿಸ್ ಬುಲ್ಲೋಸಾ ಸಿಂಪ್ಲೆಕ್ಸ್ ಎಂಬ ಈ ಅಪರೂಪದ ವ್ಯಾಧಿಯ ಮೂಲ 1991ರಲ್ಲಿ ಬೆಳಕಿಗೆ ಬಂದಿತು. ಇದು ಸೋಂಕಲ್ಲ, ನಾಗದೋಷವಲ್ಲ. ಗ್ರಹಣಕಾಲದಲ್ಲಿ ತಾಯಿ ಹೊರಬಂದುದರ ಫಲವೂ ಅಲ್ಲ. ತಂದೆತಾಯಿಯರಿಬ್ಬರೂ ಆರೋಗ್ಯವಂತರಾಗಿದ್ದರೂ ಕೂಸಿನಲ್ಲಿಯೇ ಹೊಸದಾಗಿ ಈ ದೋಷ ತಲೆದೋರಬಹುದು. ಆದ್ದರಿಂದ ಸೊಸೆಯನ್ನು ದೂರುವುದು ಅನ್ಯಾಯ.

ಆಯುರ್ವೇದದವರಾದ ನಾವೇ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಸುಶ್ರುತರು ಚರ್ಮಕ್ಕೆ 7 ಪದರಗಳನ್ನು ಹೇಳಿದರು. ಕಣ್ಣಿಗೆ ಕಾಣದ ಈ ತಂತುಗಳನ್ನು ತೋರಿಸಿದ್ದು ಸೂಕ್ಷ್ಮದರ್ಶಕ. ವಂಶವಾಹಿಯನ್ನು ತಿದ್ದುವ ಲೇಪವಾಗಲಿ ಕಷಾಯವಾಗಲಿ ನಮ್ಮಲ್ಲಿಲ್ಲ. ಇದೆಯೆಂದು ಹಣ ಪಡೆಯುವುದು ವೈದ್ಯಧರ್ಮವಲ್ಲ. ಬಾಣಂತನದಲ್ಲಿ ರೂಢಿಯಾಗಿರುವಂತೆ ಎಣ್ಣೆ ಹಚ್ಚಿ ಬಲವಾಗಿ ನೀವುವುದು, ಹಿಟ್ಟಿನಿಂದ ತಿಕ್ಕುವುದು ಇತರ ಕೂಸುಗಳಿಗೆ ಒಗ್ಗಬಹುದು. ಇಂತಹ ಕೂಸಿಗೆ ಅದೇ ಗಾಯಕ್ಕೆ ದಾರಿ.

ಹುಟ್ಟಿದ ಕೆಲದಿನಗಳಲ್ಲಿ, ಅಥವಾ ಅಂಬೆಗಾಲಿಡುವಾಗ, ತಿಕ್ಕಿದಲ್ಲೆಲ್ಲ ಗುಳ್ಳೆಯೇಳುತ್ತಿದ್ದರೆ, ಹೊಳೆನರಸೀಪುರವಾಗಲಿ ಅರಕಲಗೂಡಾಗಲಿ, ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಚರ್ಮರೋಗ ವಿಭಾಗಕ್ಕೆ ಕರೆದೊಯ್ಯತಕ್ಕದ್ದು. ಚರ್ಮದ ತುಣುಕಿನ ಹಾಗೂ ವಂಶವಾಹಿಯ ಪರೀಕ್ಷೆಯಿಂದ ರೋಗ ನಿಶ್ಚಯವಾಗುತ್ತದೆ. ಸೆಕೆಯಿಂದ ಗುಳ್ಳೆ ಹೆಚ್ಚುವುದರಿಂದ ಕೂಸನ್ನು ತಂಪಾಗಿಡಬೇಕು. ಮೃದುವಾದ ಹತ್ತಿಬಟ್ಟೆ ತೊಡಿಸಬೇಕು. ಅಂಟದ ಪಟ್ಟಿಯನ್ನೇ ಕಟ್ಟಬೇಕು. ಕಂಕುಳಿಗೆ ಕೈಕೊಟ್ಟು ಎತ್ತದೆ, ಬೆನ್ನು ಮತ್ತು ಪೃಷ್ಠದ ಕೆಳಗೆ ಅಂಗೈ ಹಾಸಿ ಎತ್ತಿಕೊಳ್ಳಬೇಕು. ಗುಣಪಡಿಸುವ ಔಷಧಿ ಇಲ್ಲದಿದ್ದರೂ, ಹೀಗೆ ಜೋಪಾನ ಮಾಡಿದ ಮಕ್ಕಳಲ್ಲಿ ಅನೇಕರು ಶಾಲೆಗೆ ಹೋಗಿ, ಬೆಳೆದು, ಬಾಳುತ್ತಾರೆ.