ಅವರೆಕಾಯಿ ಬಿಡಿಸುವಾಗ ಆಡಿದ ಮಾತು

ಅವರೆಕಾಯಿ ಕಾಲ ಬಂತೆಂದರೆ ನಮ್ಮ ಶ್ರೀರಂಗಪಟ್ಟಣದ ಬೀದಿಯಲ್ಲಿ ಮಧ್ಯಾಹ್ನ ಮೂರರ ಮೇಲೆ ಜಗಲಿಯೇ ಅಡಿಗೆಮನೆ. ಮಡಿಲಲ್ಲಿ ಮೊರ, ಮೊರದ ತುಂಬ ಕಾಯಿ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆಯೆ? ನಿಮ್ಮ ಬೀದಿಯಲ್ಲೂ ಹೀಗೇ ಇದ್ದೀತು.

2018ರ ಕೊನೆಯ ದಿನಗಳು. ಟೀವಿಯಲ್ಲಿ ನೋಡಿದ ಒಂದೇ ಸುದ್ದಿ ಎಲ್ಲರ ಬಾಯಲ್ಲಿ. ಆ ಅಕ್ಟೋಬರಿನಲ್ಲಿ ನಟಿ ಶ್ರುತಿ ಹರಿಹರನ್, 'ವಿಸ್ಮಯ' ಚಿತ್ರದ ಚಿತ್ರೀಕರಣದಲ್ಲಿ ನಟ ಅರ್ಜುನ್ ಸರ್ಜಾ ತಮ್ಮೊಡನೆ ಅನುಚಿತವಾಗಿ ನಡೆದುಕೊಂಡರೆಂದು ಹೇಳಿದ್ದರು. ಅವರು ಇಲ್ಲವೆಂದಿದ್ದರು. ನಮ್ಮ ಜಿಲ್ಲೆಯವರೇ ಆದ ಅಂಬರೀಶ್ ಅವರ ಮುಂದಾಳತ್ವದಲ್ಲಿ ಫಿಲಂ ಚೇಂಬರಿನಲ್ಲಿ ರಾಜಿ ಮಾತುಕತೆ ನಡೆದಿತ್ತು, ಫಲಿಸಿರಲಿಲ್ಲ.

ನಮ್ಮ ಜಗಲಿಯಲ್ಲಿ ಮಾತ್ರ ತೀರ್ಪು ಆಗಿಹೋಗಿತ್ತು. "ಆಗ ಸುಮ್ನಿದ್ದು ಈಗ ಯಾಕಂತೆ?" ಎಂದರು ಒಬ್ಬರು. "ಹೆಸರು ಬರ್ಲಿ ಅಂತ," ಎಂದರು ಇನ್ನೊಬ್ಬರು. ನಾನೇನು ಕಡಿಮೆಯೆ? "ಅಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಲಾ?" ಎಂದೆ. ಎಲ್ಲರೂ ನಕ್ಕರು. ಬಾಗಿಲ ಬಳಿ ನನ್ನ ತಂಗಿಯ ಮಗಳು ನಿಂತಿದ್ದಳು. ಅವಳು ನಗಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ.

ಹುಡುಗಿ ಆಗ ನಮ್ಮ ಮನೆಯಲ್ಲಿದ್ದುಕೊಂಡು, ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಕೆಲಸ ಬಿಟ್ಟಳು. "ನಿಂತೂ ನಿಂತೂ ಕಾಲು ನೋವು ದೊಡ್ಡಮ್ಮ," ಎಂದಳು. "ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲ," ಎಂದು ನಾನು ಅವಳ ತಾಯಿಗೆ ಫೋನಿನಲ್ಲಿ ದೂರು ಹೇಳಿದೆ.

ನಿಜ ತಿಳಿದದ್ದು ಮೂರು ವರ್ಷದ ಮೇಲೆ, ಅವಳು ಬಸುರಿಯಾಗಿ ನಮ್ಮಲ್ಲಿಗೆ ಬಂದಿದ್ದಾಗ. ಅಂಗಡಿಯ ಮೇಲ್ವಿಚಾರಕ ಸ್ಟಾಕು ನೋಡುವ ನೆಪದಲ್ಲಿ ಹಿಂದಿನ ಕೋಣೆಗೆ ಕರೆಯುತ್ತಿದ್ದನಂತೆ, ಮೈಗೆ ಕೈ ತಾಗಿಸುತ್ತಿದ್ದನಂತೆ. ಮಾಲೀಕನಿಗೆ ಹೇಳಿದರೆ, "ನೀನೇ ಸ್ವಲ್ಪ ನೋಡಿಕೊಂಡು ಹೋಗಮ್ಮ," ಎಂದನಂತೆ. "ಅಲ್ಲ ಕಣೇ, ನನ್ಹತ್ರ ಯಾಕೆ ಹೇಳ್ಲಿಲ್ಲ?" ಎಂದೆ. ಅವಳು ಮೆಲ್ಲಗೆ, "ಹೇಳೋಣ ಅಂತಾನೇ ಆವತ್ತು ಜಗಲಿಗೆ ಬಂದಿದ್ದೆ ದೊಡ್ಡಮ್ಮ. ನೀವು ಬೀಗದ ಮಾತು ಆಡಿದ್ರಿ," ಎಂದಳು.

ಸೋದರಿಯರೆ, ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ. ನಾವು ಯಾರೋ ಸಿನಿಮಾದವಳ ಬಗ್ಗೆ ಆಡಿದೆವೆಂದು ತಿಳಿದಿರುತ್ತೇವೆ. ಆ ನಟಿಯ ಕಿವಿಗೆ ನಮ್ಮ ಮಾತು ಬೀಳುವುದಿಲ್ಲ. ಬೀಳುವುದು ನಮ್ಮ ಮನೆಯ ಹುಡುಗಿಯ ಕಿವಿಗೆ. ತನಗೆ ಹೀಗಾದರೆ ಅಮ್ಮ ಏನೆಂದಾಳು ಎನ್ನುವುದನ್ನು ಅವಳು ಅಲ್ಲೇ ಅಳೆದುಕೊಳ್ಳುತ್ತಾಳೆ.

ಹಾಗಾದರೆ ನಟಿಯರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬಬೇಕೆ? ಅದೂ ಅಲ್ಲ. ದೂರಿಗೆ ಸಿಕ್ಕುವ ಗಂಡಸೂ ಒಬ್ಬ ತಾಯಿಯ ಮಗನೇ. ಆ ಪ್ರಕರಣದಲ್ಲಿ ಪೊಲೀಸರು 2021ರಲ್ಲಿ ಸಾಕ್ಷ್ಯ ಸಾಲದೆಂದು ಬಿ ರಿಪೋರ್ಟ್ ಹಾಕಿದರು. ಯಾರದು ಸರಿ ಎಂದು ಹೇಳಲು ನಾನು ಯಾರು? ನಾನು ಹೇಳುವುದಿಷ್ಟೇ: ವಿಚಾರಣೆಗೆ ಮೊದಲೇ ತೀರ್ಪು ಕೊಡುವ ನಮ್ಮ ಅಭ್ಯಾಸ ಯಾವಾಗಲೂ ಹೆಂಗಸಿನ ಮೇಲೆಯೇ ಬೀಳುತ್ತದಲ್ಲ, ಏಕೆ?

2011ರ ಸೆಪ್ಟೆಂಬರನ್ನು ನೆನೆದುಕೊಳ್ಳಿ. ನಟ ದರ್ಶನ್ ಅವರನ್ನು ಹೆಂಡತಿಯ ಮೇಲೆ ಹಲ್ಲೆ ಮಾಡಿದರೆಂಬ ದೂರಿನ ಮೇಲೆ ಪೊಲೀಸರು ಬಂಧಿಸಿದರು. ಆಗ ನಿರ್ಮಾಪಕರ ಸಂಘ ಯಾರಿಗೆ ನಿಷೇಧ ಹಾಕಿತು? ಸಂಸಾರ ಕೆಡಿಸಿದಳೆಂದು ನಟಿ ನಿಕಿತಾ ತುಕ್ರಾಲ್‌ಗೆ, ಮೂರು ವರ್ಷ! ದೂರು ಇದ್ದದ್ದು ಗಂಡನ ಮೇಲೆ, ಶಿಕ್ಷೆ ಬೇರೊಬ್ಬ ಹೆಂಗಸಿಗೆ. ನಾಲ್ಕು ಕಡೆಯಿಂದ ಛೀಮಾರಿ ಬಂದ ಮೇಲೆ ನಿಷೇಧ ಹಿಂತೆಗೆದರು. ಆ ನಟನ ಮೇಲಿನ 2024ರ ಕೊಲೆ ಆರೋಪದ ಮಾತು ನ್ಯಾಯಾಲಯಕ್ಕೆ ಬಿಟ್ಟದ್ದು. ಅಭಿಮಾನ ಬೇಡವೆನ್ನುವುದಿಲ್ಲ. ಆದರೆ ಅಭಿಮಾನಕ್ಕೆ ಕಣ್ಣಿರಲಿ.

ಈಗ ನಮ್ಮ ಮನೆಯ ಹುಡುಗಿಯರ ಮಾತಿಗೆ ಬರೋಣ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸಿಗೆ, ಅಂಗಡಿಗೆ, ಆಸ್ಪತ್ರೆಗೆ, ಶಾಲೆಗೆ ಎಷ್ಟು ಜನ ಹೋಗುತ್ತಾರೆ! ಅವರಿಗಾಗಿ 2013ರ ಒಂದು ಕಾನೂನು ಇದೆ. ಅದು ಸುಮ್ಮನೆ ಬರಲಿಲ್ಲ. ರಾಜಸ್ಥಾನದ ಹಳ್ಳಿಯೊಂದರಲ್ಲಿ ಸರ್ಕಾರದ ಪರವಾಗಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿ ಎಂಬಾಕೆ 1992ರಲ್ಲಿ ಅತ್ಯಾಚಾರಕ್ಕೊಳಗಾದರು. ಆಕೆ ಬಾಯಿ ಮುಚ್ಚಲಿಲ್ಲ. ಅದರಿಂದ ಹುಟ್ಟಿದ ಮೊಕದ್ದಮೆಯಲ್ಲಿ, ವಿಶಾಖಾ ಪ್ರಕರಣ ಎನ್ನುತ್ತಾರೆ, ಸುಪ್ರೀಂ ಕೋರ್ಟು 1997ರಲ್ಲಿ ನಿಯಮಗಳನ್ನು ಕೊಟ್ಟಿತು. ಮುಂದೆ ಅದೇ ಕಾನೂನಾಯಿತು. ಒಬ್ಬ ಹಳ್ಳಿ ಹೆಣ್ಣುಮಗಳ ಧೈರ್ಯಕ್ಕೆ ನಮ್ಮ ಹೆಣ್ಣುಮಕ್ಕಳೆಲ್ಲ ಋಣಿಗಳು.

ಕಾನೂನು ಹೇಳುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ:

ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಮಾಲೀಕರು ಆಂತರಿಕ ಸಮಿತಿ ಮಾಡಲೇಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧವಾದರೂ ಮಹಿಳೆಯರು, ಹೊರಗಿನವರು ಒಬ್ಬರು.

ಹತ್ತಕ್ಕಿಂತ ಕಡಿಮೆ ಜನವಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮನೆಗೆಲಸದವರಿಗೂ ಇದೇ ದಾರಿ.

ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಬರೆಸಿಕೊಳ್ಳುವುದು ಸಮಿತಿಯ ಹೊಣೆ.

ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದೂರು ಕೊಟ್ಟವಳ ಹೆಸರು ಬಯಲಾಗಕೂಡದು. ಬೇಕೆಂದೇ ಸುಳ್ಳು ಹೇಳಿದರೆ ಶಿಕ್ಷೆ ಉಂಟು, ಆದರೆ ರುಜುವಾತಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳೆಂದಲ್ಲ. ಯಾವ ದಾರಿಯೂ ತೋಚದಿದ್ದರೆ ಮಹಿಳಾ ಸಹಾಯವಾಣಿ 181.

ಆ ಮೂರು ತಿಂಗಳು ಎಷ್ಟು ಬೇಗ ಕಳೆಯುತ್ತದೆ ನೋಡಿ. ಹುಡುಗಿ ಧೈರ್ಯ ತಂದುಕೊಳ್ಳುವುದರಲ್ಲಿ ಅರ್ಧ ಹೋಗಿರುತ್ತದೆ. ಉಳಿದರ್ಧವನ್ನು ನಮ್ಮ ಜಗಲಿ ಮಾತು ನುಂಗಬಾರದು.

ನಮ್ಮವರಿಗೆ ಬಾಯಿಲ್ಲ ಎಂದುಕೊಳ್ಳಬೇಡಿ. 2020ರ ಜೂನ್‌ನಲ್ಲಿ ಇಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆ ಬಾಗಿಲು ಹಾಕಿ ಸಾವಿರದ ಇನ್ನೂರಕ್ಕೂ ಹೆಚ್ಚು ಜನರ ಕೆಲಸ ಹೋದಾಗ, ಗೇಟಿನ ಮುಂದೆ ಕೂತು ಕೇಳಿದವರಲ್ಲಿ ಬಹುಪಾಲು ಹೆಂಗಸರೇ. ಹೊಟ್ಟೆಪಾಡಿಗೆ ಎತ್ತಿದ ದನಿಯನ್ನು ಮಾನಕ್ಕೂ ಎತ್ತಬಲ್ಲರು, ಮನೆಯವರು ಬೆನ್ನಿಗಿದ್ದರೆ.

ಮಗಳು ಇದ್ದಕ್ಕಿದ್ದಂತೆ "ಕೆಲಸಕ್ಕೆ ಹೋಗಲ್ಲ" ಎಂದರೆ ತಾಳ್ಮೆಯ ಪಾಠ ಹೇಳಬೇಡಿ. ಪಕ್ಕದಲ್ಲಿ ಕೂತು, "ಅಲ್ಲಿ ಯಾರಾದರೂ ಏನಾದರೂ ಅಂದರಾ?" ಎಂದು ಕೇಳಿ. ಮಗ ಕೆಲಸಕ್ಕೆ ಸೇರಿದ್ದರೆ, ಜೊತೆಯ ಹೆಣ್ಣುಮಕ್ಕಳೊಡನೆ ಹೇಗಿರಬೇಕೆಂದು ಅವನಿಗೂ ಎರಡು ಮಾತು ಹೇಳಿ.

ಈಗಲೂ ನಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತೇವೆ, ಸಿನಿಮಾ ಸುದ್ದಿಯೂ ಬರುತ್ತದೆ. ನಾನು ಬಾಯಿ ತೆರೆಯುವ ಮೊದಲು ಒಮ್ಮೆ ಬಾಗಿಲ ಕಡೆ ನೋಡುತ್ತೇನೆ. ನೀವೂ ನೋಡಿ.